ಕಸುಬು ಮತ್ತು ಕ್ರೈಸ್ತ ನಂಬಿಕೆ: ಕರಾವಳಿಯಲ್ಲಿ ವೃತ್ತಿ ಆಯ್ಕೆಯ ಒಂದು ಶತಮಾನ

ಹತ್ತೊಂಬತ್ತನೆಯ ಶತಮಾನದ ಕೆನರಾ ಜಿಲ್ಲೆಯಲ್ಲಿ ಹೆಚ್ಚಿನವರಿಗೆ ಕಸುಬು ಹುಟ್ಟಿನ ಜೊತೆಗೇ ಬರುತ್ತಿತ್ತು. ಕುಂಬಾರನ ಮಗ ತಿಗರಿಯ ಮುಂದೆ ಕೂರುತ್ತಿದ್ದ, ಶೆಟ್ಟಿಗಾರನ ಮಗ ಮಗ್ಗಕ್ಕೆ, ಬಿಲ್ಲವನ ಮಗ ತಾಳೆಮರಕ್ಕೆ. ಯಾವ ಕೆಲಸ ತನಗೆ ಒಗ್ಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳಬೇಕಾಗಿರಲಿಲ್ಲ. ಆ ಪ್ರಶ್ನೆ ಒಂದು ಸಣ್ಣ ಗುಂಪಿನ ಎದುರು ಇದ್ದಕ್ಕಿದ್ದಂತೆ ಎದ್ದು ನಿಂತದ್ದು 1834ರ ನಂತರ. ಬಾಸೆಲ್ ಮಿಷನ್ನಿನ ಮೂಲಕ ಕ್ರೈಸ್ತರಾದ ತುಳು ಮತ್ತು ಕನ್ನಡ ಕುಟುಂಬಗಳಿಗೆ ದೀಕ್ಷಾಸ್ನಾನದ ಮರುದಿನವೇ ಹಳೆಯ ಕಸುಬು ಕೈತಪ್ಪುತ್ತಿತ್ತು. ಹೊಸ ಕಸುಬು ಹೊಟ್ಟೆ ಹೊರೆಯಬೇಕು, ಹೊಸ ನಂಬಿಕೆಗೆ ವಿರುದ್ಧವಾಗಬಾರದು, ಮಾಡುವವನ ಕೈಗೂ ಬುದ್ಧಿಗೂ ಹೊಂದಬೇಕು. ಈ ಮೂರು ಅಗತ್ಯಗಳನ್ನು ಸರಿದೂಗಿಸಲು ನಡೆದ ಪ್ರಯತ್ನಗಳೇ ಕರಾವಳಿಯ ಪ್ರೊಟೆಸ್ಟಂಟ್ ಕ್ರೈಸ್ತರ ಆರ್ಥಿಕ ಚರಿತ್ರೆ. ಮಂಗಳೂರಿನ ಹಂಚು, ಅದೇ ಊರಿನ ಬಲ್ಮಠದ ಅಚ್ಚುಕೂಟ, ನೇಯ್ಗೆಯ ಕಾರ್ಖಾನೆ, ಊರೂರಿನ ಶಾಲಾ ಮಾಸ್ತರಿಕೆ ಎಲ್ಲವೂ ಅದರಿಂದ ಹುಟ್ಟಿದವು.

ಬಾಸೆಲಿನ ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಮಿಷನ್ನಿಗೆ ಹಣ ಕೊಡುತ್ತಿದ್ದವರು ಮುಖ್ಯವಾಗಿ ಬಾಸೆಲಿನ ವರ್ತಕ ಮನೆತನಗಳು. ಮಿಷನರಿಗಳಾಗಿ ಬರುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಇವರೆಲ್ಲ ಪಯಟಿಸ್ಟ್ ಎಂಬ ಭಕ್ತಿಪಂಥಕ್ಕೆ ಸೇರಿದವರು. ದಿನವೂ ಬೈಬಲ್ ಓದುವುದು, ಪ್ರಾರ್ಥನೆ, ಸರಳ ಬದುಕು ಮತ್ತು ಬಿಡದೆ ದುಡಿಯುವುದು ಈ ಪಂಥದ ಗುರುತು.

ಕೆಲಸದ ಬಗ್ಗೆ ಇವರಿಗಿದ್ದ ಕಲ್ಪನೆ ಹದಿನಾರನೆಯ ಶತಮಾನದ ಮಾರ್ಟಿನ್ ಲೂಥರನಿಂದ ಬಂದದ್ದು. ಮಧ್ಯಯುಗದ ಯುರೋಪಿನಲ್ಲಿ ದೇವರ ಕರೆ ಬರುವುದು ಸನ್ಯಾಸಿಗಳಿಗೆ ಮತ್ತು ಪಾದ್ರಿಗಳಿಗೆ ಮಾತ್ರ ಎಂಬ ಭಾವನೆ ಬಲವಾಗಿತ್ತು. ಚಮ್ಮಾರ, ರೈತ, ಮನೆಗೆಲಸದ ಹೆಂಗಸು ಇವರೂ ತಮ್ಮ ತಮ್ಮ ಕೆಲಸದಲ್ಲೇ ನೆರೆಯವರ ಸೇವೆ ಮಾಡುತ್ತಾ ದೇವರ ಕರೆಗೆ ಓಗೊಡುತ್ತಾರೆ ಎಂದು ಲೂಥರ್ ಬೋಧಿಸಿದ. ಡೇರೆ ಹೊಲಿದು ಜೀವನ ಸಾಗಿಸಿದ ಅಪೊಸ್ತಲ ಪೌಲ, ಬಡಗಿಯಾಗಿದ್ದ ಯೇಸು ಈ ಬೋಧನೆಗೆ ಆಧಾರವಾದರು. ಒಡೆಯ ಕೊಟ್ಟ ಹಣವನ್ನು ಹೂತಿಟ್ಟ ಆಳಿನ ಸಾಮತಿ ಇನ್ನೊಂದು ಪಾಠ ಕಲಿಸಿತು: ಒಬ್ಬೊಬ್ಬರಿಗೂ ಅವರವರ ಶಕ್ತಿಗೆ ತಕ್ಕಂತೆ ಒಪ್ಪಿಸಿದ್ದಿದೆ, ಅದನ್ನು ಬಳಸದೆ ಇಡುವುದು ತಪ್ಪು.

ಮಿಷನ್ ತನ್ನ ಜನರನ್ನು ಆರಿಸುವಲ್ಲೂ ಈ ಕಲ್ಪನೆ ಕೆಲಸ ಮಾಡುತ್ತಿತ್ತು. ಅಕ್ಷರ ಬಲ್ಲವರು ಮಾತ್ರ ಬೇಕು ಎಂದು ಅದು ಹೇಳಲಿಲ್ಲ. ಸಾಮುವೆಲ್ ಹೇಬಿಕ್ ಮಿಷನ್ ಸೇರುವ ಮೊದಲು ವ್ಯಾಪಾರದಲ್ಲಿದ್ದವರು. ಹೆರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ ಪಂಡಿತ. ಯೋಹಾನ್ನೆಸ್ ಹಾಲರ್ ನೇಕಾರ. ಗಿಯೋರ್ಗ್ ಪ್ಲೆಬ್ಸ್ಟ್ ಯಂತ್ರಗಳನ್ನು ಬಲ್ಲ ಕುಶಲಕರ್ಮಿ. ಗಾಟ್‌ಲೋಬ್ ಫ್ಲೈಡರರ್ ಲೆಕ್ಕಪತ್ರ ಬಲ್ಲ ವರ್ತಕ. ಬೀದಿಯಲ್ಲಿ ನಿಂತು ಬೋಧಿಸುವುದು ಹೇಬಿಕ್‌ರಿಗೆ ಹೇಗೆ ಸಹಜವೋ ಹಾಗೆ ಮೊಳೆಯಚ್ಚಿನ ಯಂತ್ರದ ಬಳಿ ನಿಲ್ಲುವುದು ಪ್ಲೆಬ್ಸ್ಟ್‌ಗೆ ಸಹಜ. ಕರಾವಳಿಗೆ ಬಂದ ಯುರೋಪಿಯನ್ನರಲ್ಲೇ ಇಂಥ ವೈವಿಧ್ಯ ಇದ್ದುದು ಮುಂದೆ ಸ್ಥಳೀಯ ಕ್ರೈಸ್ತರ ಕಸುಬುಗಳ ವೈವಿಧ್ಯಕ್ಕೂ ದಾರಿಯಾಯಿತು.

ಬ್ರಿಟಿಷರಲ್ಲದ ಮಿಷನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶದಲ್ಲಿ ಅವಕಾಶ ಸಿಕ್ಕಿದ್ದು 1833ರ ಸನದು ಕಾಯಿದೆಯಿಂದ. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಹೇಬಿಕ್, ಲೆಹ್ನರ್ ಮತ್ತು ಗ್ರೈನರ್ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗ ಬಳಿಯ ಬೆಟಗೇರಿಯಲ್ಲಿ ಮಿಷನ್ನಿನ ಠಾಣೆಗಳು ತೆರೆದವು. ಮಲಬಾರಿನ ತಲಶ್ಶೇರಿ, ಕಣ್ಣೂರು, ಕಲ್ಲಿಕೋಟೆಗಳಲ್ಲೂ ಇದೇ ಕಾಲಕ್ಕೆ ಕೆಲಸ ಆರಂಭವಾಯಿತು.

ಕಳೆದುಹೋದ ಕಸುಬುಗಳು

ದಕ್ಷಿಣ ಕೆನರಾದಲ್ಲಿ ಮಿಷನ್ನಿನ ಸಭೆ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಅವರ ಜೀವನಾಧಾರ ಎರಡು: ಮೂರ್ತೆ, ಅಂದರೆ ಮರದಿಂದ ಕಳ್ಳಿಳಿಸುವುದು, ಮತ್ತು ಗೇಣಿಬೇಸಾಯ. ಇವಲ್ಲದೆ ಭೂತಸ್ಥಾನಗಳ ಪೂಜೆ ಕೆಲವು ಮನೆತನಗಳಿಗೆ ಮಾನವನ್ನೂ ಸ್ವಲ್ಪ ಆದಾಯವನ್ನೂ ತರುತ್ತಿತ್ತು. ಕ್ರೈಸ್ತರಾದ ಮೇಲೆ ಈ ಮೂರೂ ಒಂದೊಂದಾಗಿ ಮುಚ್ಚಿದವು.

ಭೂತಾರಾಧನೆಯನ್ನು ಬಿಡಬೇಕು ಎಂಬುದು ಮತಾಂತರದ ಮೊದಲ ಷರತ್ತು. ಕಳ್ಳಿಳಿಸುವ ಕಸುಬನ್ನು ಬೈಬಲ್ ಹೆಸರಿಸಿ ನಿಷೇಧಿಸಿಲ್ಲವಾದರೂ ಪಯಟಿಸ್ಟರ ದೃಷ್ಟಿಯಲ್ಲಿ ಕುಡಿತ ಕುಟುಂಬವನ್ನು ನಾಶಮಾಡುವ ಪಾಪ. ಕುಡಿತಕ್ಕೆ ಸರಕು ಒದಗಿಸುವ ಕೆಲಸವನ್ನು ಸಭೆಯ ಸದಸ್ಯ ಮಾಡುವುದನ್ನು ಅವರು ಒಪ್ಪಲಿಲ್ಲ. ಉಳಿದದ್ದು ಬೇಸಾಯ. ಆದರೆ ಚಾಲಗೇಣಿಯ ಒಕ್ಕಲನ್ನು ಭೂಮಿಯಿಂದ ಎಬ್ಬಿಸುವುದು ಧಣಿಗೆ ಸುಲಭವಾಗಿತ್ತು. ಊರಿನ ಭೂತದ ಕೋಲಕ್ಕೆ ವಂತಿಗೆ ಕೊಡದ, ಜಾತಿಯ ಕಟ್ಟಿಗೆ ಒಳಪಡದ ಒಕ್ಕಲು ಅನೇಕ ಒಡೆಯರಿಗೆ ಬೇಡವಾಗುತ್ತಿದ್ದ. ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಆಸ್ತಿ ಕೂಡುಮನೆಯದು. ಮನೆಯಿಂದ ಹೊರಬಿದ್ದವನ ಕೈ ಬರಿದಾಗುತ್ತಿತ್ತು. ಮತಾಂತರಗೊಂಡವರ ಆಸ್ತಿಯ ಹಕ್ಕನ್ನು ರಕ್ಷಿಸುವ ಕಾಯಿದೆ 1850ರಲ್ಲಿ ಬಂದರೂ ಸಣ್ಣ ಒಕ್ಕಲಿಗೆ ಕೋರ್ಟು ಕಚೇರಿಯ ದಾರಿ ದೂರವೇ ಆಗಿತ್ತು.

ಮೇಲ್ಜಾತಿಗಳಿಂದ ಬಂದವರ ಸ್ಥಿತಿ ಬೇರೆ, ನಷ್ಟ ಅದೇ. 1844ರಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಗದ್ದಲವಾಯಿತು. ಓದಿದ ಸಾರಸ್ವತ ಯುವಕನಿಗೆ ಸರಕಾರಿ ಕಚೇರಿಯ ದಾರಿ ತೆರೆದಿದ್ದ ಕಾಲ ಅದು. ಕೌಂಡಿನ್ಯ ಬಾಸೆಲಿಗೆ ಹೋಗಿ ಅಲ್ಲಿನ ಸೆಮಿನರಿಯಲ್ಲಿ ಓದಿ, ಪಾದ್ರಿಯಾಗಿ ಹಿಂತಿರುಗಿ ಬೋಧಕ ವೃತ್ತಿಯಲ್ಲಿ ನೆಲೆನಿಂತರು. ಓದು ಬರಹ ಬಲ್ಲವನಿಗೆ ಮಿಷನ್ನಿನ ಒಳಗೆ ಹೀಗೆ ದಾರಿ ಇತ್ತು. ಓದು ಇಲ್ಲದ, ಮರ ಹತ್ತುವುದನ್ನೂ ಗದ್ದೆ ಉಳುವುದನ್ನೂ ಮಾತ್ರ ಬಲ್ಲವರಿಗೆ ಏನು ಕೊಡುವುದು ಎಂಬುದೇ ಮಿಷನ್ನಿನ ಮುಂದಿದ್ದ ದೊಡ್ಡ ಸಮಸ್ಯೆ.

ಮೊದಲ ಪ್ರಯೋಗಗಳು

ಮಿಷನರಿಗಳಿಗೆ ಮೊದಲು ಹೊಳೆದದ್ದು ಭೂಮಿ. ತಮ್ಮ ತಾಯ್ನಾಡಿನ ರೈತ ಹಳ್ಳಿಗಳ ಮಾದರಿಯಲ್ಲಿ ಕ್ರೈಸ್ತ ಹಳ್ಳಿಗಳನ್ನು ಕಟ್ಟಬಹುದು ಎಂದು ಅವರು ಎಣಿಸಿದರು. ಗದಗ ಸೀಮೆಯಲ್ಲಿ ಕಾಲಜ್ಞಾನದ ಭವಿಷ್ಯವಾಣಿಗಳನ್ನು ನಂಬಿದ್ದ ಒಂದು ಪಂಥದವರು ಗುಂಪಾಗಿ ಕ್ರೈಸ್ತರಾಗುತ್ತಾರೆ ಎಂಬ ನಿರೀಕ್ಷೆಯಿಂದ 1841ರಲ್ಲಿ ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ಬೇಸಾಯದ ವಸಾಹತು ಆರಂಭವಾಯಿತು. ನಿರೀಕ್ಷಿಸಿದ ಜನ ಬರಲಿಲ್ಲ, ವಸಾಹತು ಉಳಿಯಲಿಲ್ಲ. ಕೊಡಗಿನಲ್ಲಿ ಮೋಗ್ಲಿಂಗ್ 1850ರ ದಶಕದಲ್ಲಿ ನೆಲೆಸಿದಾಗ ಹೊಲೆಯ ಸಮುದಾಯದ ಜೀತಗಾರರು ಕೆಲವರು ಸಭೆ ಸೇರಿದರು. ಅವರಿಗಾಗಿ ಕಟ್ಟಿದ ಊರೇ ಆನಂದಪುರ. ಕೌಂಡಿನ್ಯರ ನೆರವಿನಿಂದ ಭೂಮಿ ದೊರೆತ ಈ ಊರಿನಲ್ಲಿ ಕಾಫಿ ಬೆಳೆದು ಸಭೆ ನೆಲೆಯೂರಿತು. ಆದರೆ ಎಲ್ಲ ಕಡೆಯೂ ಭೂಮಿ ಕೊಳ್ಳುವಷ್ಟು ಹಣ ಮಿಷನ್ನಿನಲ್ಲಿ ಇರಲಿಲ್ಲ. ಮಿಷನ್ ಧಣಿಯ ಸ್ಥಾನದಲ್ಲಿ ಕೂತು ಸಭೆಯವರು ಒಕ್ಕಲುಗಳಾದಾಗ ಗೇಣಿ ಬಾಕಿಯ ಜಗಳ ಪ್ರಾರ್ಥನಾಮಂದಿರದವರೆಗೂ ಬರುತ್ತಿತ್ತು.

ಮಂಗಳೂರಿನಲ್ಲಿ ಸಣ್ಣ ಕಸುಬುಗಳನ್ನು ಕಲಿಸುವ ಪ್ರಯತ್ನಗಳೂ ನಡೆದವು. ಬಡಗಿ ಕೆಲಸ, ಗಡಿಯಾರ ರಿಪೇರಿ, ಪುಸ್ತಕಕ್ಕೆ ರಟ್ಟು ಕಟ್ಟುವುದು ಇವೆಲ್ಲ ಬಂದು ಹೋದವು. ಗಡಿಯಾರ ಇಟ್ಟುಕೊಂಡವರೇ ಬೆರಳೆಣಿಕೆಯಷ್ಟಿದ್ದ ಊರಿನಲ್ಲಿ ಅದರ ರಿಪೇರಿ ನಂಬಿ ಸಂಸಾರ ನಡೆಸುವುದು ಆಗದ ಮಾತು. ಬಡಗಿ ಕೆಲಸದಲ್ಲಿ ತಲೆತಲಾಂತರದ ಆಚಾರಿಗಳ ಪೈಪೋಟಿ ಇತ್ತು. ಈ ಸೋಲುಗಳಿಂದ ಮಿಷನ್ ಎರಡು ಪಾಠ ಕಲಿತಿತು. ಕಸುಬು ಯುರೋಪಿನಲ್ಲಿ ಚೆನ್ನಾಗಿ ನಡೆದರೆ ಸಾಲದು, ಕರಾವಳಿಯಲ್ಲಿ ಅದಕ್ಕೆ ಗಿರಾಕಿ ಬೇಕು. ಅದನ್ನು ಕಲಿಸುವವನು ಬೋಧಕನಾಗಿದ್ದರೆ ಸಾಲದು, ಆ ಕಸುಬಿನಲ್ಲಿ ಪಳಗಿದವನಾಗಿರಬೇಕು.

ಮಗ್ಗ ಮತ್ತು ಖಾಕಿ

ಎರಡನೆಯ ಪಾಠದ ಫಲವಾಗಿ 1851ರಲ್ಲಿ ಹಾಲರ್ ಮಂಗಳೂರಿಗೆ ಬಂದರು. ಅದಕ್ಕೂ ಮುಂಚೆಯೇ ಒಂದೆರಡು ಮಗ್ಗ ಹೂಡಿ ನೇಯ್ಗೆ ಆರಂಭವಾಗಿತ್ತಾದರೂ ಅದನ್ನು ಉದ್ಯಮವಾಗಿ ಬೆಳೆಸಿದವರು ಇವರು. ಕೈಯಿಂದ ಲಾಳಿ ಎಸೆಯುವ ಗುಂಡಿಮಗ್ಗದ ಬದಲು ಹಗ್ಗ ಎಳೆದರೆ ಲಾಳಿ ಓಡುವ ಯುರೋಪಿನ ಚೌಕಟ್ಟಿನ ಮಗ್ಗಗಳನ್ನು ಅವರು ಬಲ್ಮಠದಲ್ಲಿ ಹೂಡಿದರು. ಅದೇ ನೇಕಾರ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಬಟ್ಟೆ, ಹೆಚ್ಚು ಅಗಲದ ಬಟ್ಟೆ ನೇಯಬಹುದಾಯಿತು. ಪಕ್ಕದಲ್ಲೇ ಬಣ್ಣ ಹಾಕುವ ಮನೆಯೂ ಎದ್ದಿತು. ಮಲಬಾರಿನ ಕಣ್ಣೂರು ಮತ್ತು ಕಲ್ಲಿಕೋಟೆಯಲ್ಲೂ ನೇಯ್ಗೆಯ ಶಾಲೆಗಳು ತೆರೆದವು. ಅಂಗಿಬಟ್ಟೆ, ಮೇಜುಬಟ್ಟೆ, ಟವೆಲು ಇವು ಮುಖ್ಯ ಸರಕು.

ಖಾಕಿ ಬಣ್ಣ ಹುಟ್ಟಿದ್ದು ಹಾಲರ್ ಅವರ ಬಣ್ಣದ ಮನೆಯಲ್ಲಿ ಎಂಬ ಮಾತು ಮಂಗಳೂರಿನಲ್ಲಿ ಇಂದಿಗೂ ಪ್ರಚಲಿತ. ಸೈನ್ಯದ ಚರಿತ್ರೆ ಬೇರೆ ಹೇಳುತ್ತದೆ: ಪೇಶಾವರದ ಕಡೆ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ದಳ 1840ರ ದಶಕದಲ್ಲೇ ಮಣ್ಣುಬಣ್ಣದ ಉಡುಪು ತೊಟ್ಟಿತ್ತು. ಒಗೆದರೂ ಮಾಸದ ಖಾಕಿ ಬಟ್ಟೆಯನ್ನು ಮಂಗಳೂರಿನಲ್ಲಿ ತಯಾರಿಸಿ ಅದಕ್ಕೆ ಮಾರುಕಟ್ಟೆ ಕಂಡುಕೊಂಡ ಮೊದಲಿಗರಲ್ಲಿ ಹಾಲರ್ ಒಬ್ಬರು ಎಂದರೆ ಎರಡೂ ಕಥೆಗಳಿಗೆ ಜಾಗ ಸಿಗುತ್ತದೆ.

ಕಸುಬಿನ ಚರಿತ್ರೆಯಲ್ಲಿ ಬಣ್ಣಕ್ಕಿಂತ ಮುಖ್ಯವಾದದ್ದು ಮಗ್ಗದ ಮುಂದೆ ಕೂತವರ ಜಾತಿ. ನೇಯ್ಗೆ ಅದುವರೆಗೆ ನೇಕಾರ ಜಾತಿಗಳ ಸೊತ್ತು. ಬಲ್ಮಠದಲ್ಲಿ ಮೂರ್ತೆ ಬಿಟ್ಟುಬಂದವನು, ಒಕ್ಕಲುತನ ಕಳೆದುಕೊಂಡವನು, ಅನಾಥಶಾಲೆಯಲ್ಲಿ ಬೆಳೆದ ಹುಡುಗ ಒಂದೇ ಸಾಲಿನಲ್ಲಿ ಕೂತು ನೇಯ್ದರು. ಹುಟ್ಟಿಗೂ ಕೈಕೆಲಸಕ್ಕೂ ಇದ್ದ ಗಂಟು ಇಲ್ಲಿ ಸಡಿಲವಾಯಿತು. ಆಯ್ಕೆ ಇನ್ನೂ ಕೆಲಸಗಾರನದಾಗಿರಲಿಲ್ಲ. ಯಾರನ್ನು ಎಲ್ಲಿ ಹಾಕಬೇಕು ಎಂಬುದನ್ನು ಮಿಷನರಿಯೇ ನಿರ್ಧರಿಸುತ್ತಿದ್ದರು. ಆದರೆ ಆ ನಿರ್ಧಾರಕ್ಕೆ ಆಧಾರ ಕುಲ ಅಲ್ಲ, ಕೈಚಳಕ ಮತ್ತು ನಡತೆ.

ಅಚ್ಚುಕೂಟದ ಕೆಲಸಗಾರರು

ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ ಆರಂಭವಾದದ್ದು 1841ರಲ್ಲಿ. 1843ರ ಜುಲೈ 1ರಂದು ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ; ಅದೂ ಕಲ್ಲಚ್ಚಿನದೇ. 1850ರ ದಶಕದಲ್ಲಿ ಪ್ಲೆಬ್ಸ್ಟ್ ಅವರ ಕೈಯಲ್ಲಿ ಮೊಳೆಯಚ್ಚು ಬೆಳೆಯಿತು. ಮಲಬಾರಿನಲ್ಲಿ ಮಲಯಾಳಂ, ಕರಾವಳಿಯಲ್ಲಿ ಕನ್ನಡ, ಜೊತೆಗೆ ಕನ್ನಡ ಲಿಪಿಯಲ್ಲಿ ತುಳು ಪುಸ್ತಕಗಳು ಬಾಸೆಲ್ ಮಿಷನ್ ಪ್ರೆಸ್ಸುಗಳಿಂದ ಹೊರಬಂದವು.

ಅಚ್ಚುಕೂಟ ಬೇಡುವ ಕೆಲಸಗಾರ ಮಗ್ಗ ಬೇಡುವವನಿಗಿಂತ ಬೇರೆ. ಮೊಳೆ ಜೋಡಿಸುವವನಿಗೆ ಅಕ್ಷರ ತಿಳಿದಿರಬೇಕು, ಒತ್ತಕ್ಷರ ತಪ್ಪಬಾರದು, ಗಂಟೆಗಟ್ಟಲೆ ನಿಂತು ಕಣ್ಣಿಟ್ಟು ಕೆಲಸ ಮಾಡುವ ತಾಳ್ಮೆ ಇರಬೇಕು. ಕರಡು ತಿದ್ದುವವನಿಗೆ ವ್ಯಾಕರಣ ಬೇಕು. ಮಿಷನ್ ಶಾಲೆಯಲ್ಲಿ ಓದು ಹತ್ತಿದರೂ ಬೋಧನೆಗೆ ಒಲವಿಲ್ಲದ ಹುಡುಗರಿಗೆ ಇದು ಒಗ್ಗಿದ ಜಾಗ. ಮೋಗ್ಲಿಂಗ್ ಅವರ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯ ಮೂಲಕ ದಾಸರ ಪದಗಳು, ಬಸವಪುರಾಣದಂಥ ಹಳೆಯ ಕೃತಿಗಳು ಮೊದಲ ಸಲ ಅಚ್ಚಾದವು. ಫರ್ಡಿನೆಂಡ್ ಕಿಟೆಲ್ ಸಂಪಾದಿಸಿದ ‘ಶಬ್ದಮಣಿದರ್ಪಣ’ 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿ, ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾದವು. ಕನ್ನಡ, ರೋಮನ್ ಲಿಪಿಗಳು ಬೆರೆತ ಅಂಥ ನಿಘಂಟಿನ ಪುಟಗಳನ್ನು ಕೈಯಿಂದ ಜೋಡಿಸಿದವರು ಒಂದೆರಡು ತಲೆಮಾರಿನ ಹಿಂದೆ ಅಕ್ಷರದಿಂದಲೇ ದೂರವಿದ್ದ ಕುಟುಂಬಗಳವರು.

ಕಿಟೆಲರ ಬದುಕೂ ಸ್ವಭಾವ ಮತ್ತು ವೃತ್ತಿಯ ಪ್ರಶ್ನೆಗೆ ಒಂದು ಉದಾಹರಣೆ. ಪಾದ್ರಿಯ ಮಗನಾಗಿ 1832ರಲ್ಲಿ ಹುಟ್ಟಿದ ಅವರು 1853ರಲ್ಲಿ ಬೋಧಕರಾಗಿ ಬಂದರು. ಅವರ ಮನಸ್ಸು ಹರಿದದ್ದು ಭಾಷೆ, ಛಂದಸ್ಸು ಮತ್ತು ಹಸ್ತಪ್ರತಿಗಳ ಕಡೆಗೆ. ಬೋಧನೆ ಬಿಟ್ಟು ಪಾಂಡಿತ್ಯಕ್ಕೆ ಹೆಚ್ಚು ಹೊತ್ತು ಕೊಡುತ್ತಾರೆ ಎಂಬ ಅಸಮಾಧಾನ ಮಿಷನ್ನಿನೊಳಗೆ ಇತ್ತು. ಕೊನೆಗೆ ನಿಘಂಟಿನ ಕೆಲಸಕ್ಕೆ ಮಿಷನ್ ಅವರನ್ನು ಬಿಟ್ಟುಕೊಟ್ಟಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿತು. ಒಬ್ಬನ ಸಹಜ ಒಲವನ್ನು ನಂಬಿಕೆಯ ಸೇವೆಯೆಂದು ಸಂಸ್ಥೆ ಒಪ್ಪಿಕೊಳ್ಳಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಅವರ ಪ್ರಸಂಗದಿಂದ ಗೊತ್ತಾಗುತ್ತದೆ.

ಮಂಗಳೂರು ಹಂಚು

ಅತಿ ಹೆಚ್ಚು ಜನಕ್ಕೆ ಅನ್ನ ಕೊಟ್ಟದ್ದು ಹಂಚಿನ ಕಾರ್ಖಾನೆ. ಮಂಗಳೂರಿನ ಜೇಡಿಮಣ್ಣನ್ನು ಪರೀಕ್ಷಿಸಿದ್ದ ಪ್ಲೆಬ್ಸ್ಟ್ ಯುರೋಪಿಗೆ ಹೋಗಿ ಮಣ್ಣು ಸುಡುವ ವಿದ್ಯೆಯನ್ನು ಕಲಿತು ಹಿಂತಿರುಗಿದರು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. ಮಣ್ಣು ಅರೆಯುವ ಯಂತ್ರವನ್ನು ಎತ್ತುಗಳು ಎಳೆಯುತ್ತಿದ್ದವು. ಕೆಲಸಗಾರರು ಹತ್ತು ಹನ್ನೆರಡು ಮಂದಿ. 1880ರ ದಶಕದಲ್ಲಿ ಹಬೆಯಂತ್ರ ಬಂದಿತು.

ಊರಿನ ಕುಂಬಾರರು ಮಾಡುತ್ತಿದ್ದ ಅರೆಗೊಳವೆಯ ನಾಡಹಂಚನ್ನು ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಕೈಯಾಡಿಸಬೇಕಿತ್ತು. ಹೊಸ ಹಂಚಿನ ವಿನ್ಯಾಸ ಫ್ರಾನ್ಸಿನ ಆಲ್ಸಾಸ್ ಪ್ರಾಂತದ ಜಿಲಾರ್ಡೋನಿ ಸಹೋದರರು 1841ರಲ್ಲಿ ರೂಪಿಸಿದ ಮಾದರಿಯಿಂದ ಬಂದದ್ದು. ಒಂದು ಹಂಚಿನ ಅಂಚು ಪಕ್ಕದ ಹಂಚಿನ ತೋಡಿನೊಳಗೆ ಕೂರುವುದರಿಂದ ಗಾಳಿಗೆ ಸರಿಯುವುದಿಲ್ಲ, ಮಳೆನೀರು ಒಳಗೆ ಇಳಿಯುವುದಿಲ್ಲ, ಅದೇ ಮಾಡಿಗೆ ಕಡಿಮೆ ಹಂಚು ಸಾಕು. ಮುಳಿಹುಲ್ಲಿನ ಮಾಡಿಗಿದ್ದ ಬೆಂಕಿಯ ಭಯವೂ ಇಲ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ ಮಣ್ಣು ಇದಕ್ಕೆ ಹೇಳಿಮಾಡಿಸಿದಂತಿತ್ತು. ಮಣ್ಣು ಬರುವುದಕ್ಕೂ ಹಂಚು ಹೋಗುವುದಕ್ಕೂ ದೋಣಿ, ಆವಿಗೆಗೆ ಘಟ್ಟದ ತಪ್ಪಲಿನ ಸೌದೆ. ಕುದ್ರೋಳಿ ಮತ್ತು ಮಲ್ಪೆಯಲ್ಲಿ, ಮಲಬಾರಿನ ಕಲ್ಲಿಕೋಟೆ, ಕೊಡಕ್ಕಲ್, ಪಾಲಕ್ಕಾಡ್, ಫರೋಕ್‌ಗಳಲ್ಲಿ ಮಿಷನ್ನಿನ ಕಾರ್ಖಾನೆಗಳು ಎದ್ದವು. ಹಂಚು ಕಡಲು ದಾಟಿ ಸಿಲೋನ್ ಮತ್ತು ಪೂರ್ವ ಆಫ್ರಿಕಾಕ್ಕೂ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮಿಷನ್ನಿನ ಉದ್ಯಮಗಳಲ್ಲಿ ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಅವರಲ್ಲಿ ಹೆಂಗಸರೂ ಕ್ರೈಸ್ತರಲ್ಲದವರೂ ಇದ್ದರು.

ಹಂಚಿನ ಕಾರ್ಖಾನೆಯ ಗುಣವೆಂದರೆ ಅಲ್ಲಿ ಎಲ್ಲ ಬಗೆಯವರಿಗೂ ಕೆಲಸವಿತ್ತು. ಮಣ್ಣು ಹೊರಲು ತೋಳ್ಬಲ ಸಾಕು. ಒತ್ತುಯಂತ್ರದ ಬಳಿ ಚುರುಕುತನ ಬೇಕು. ಹಸಿ ಹಂಚಿನ ಅಂಚು ಸವರಲು ನವಿರಾದ ಕೈ, ಆವಿಗೆಯ ಉರಿ ನೋಡಲು ವರ್ಷಗಟ್ಟಲೆಯ ಅನುಭವ, ಯಂತ್ರ ದುರಸ್ತಿಗೆ ಲೋಹದ ಕೆಲಸ, ಕಚೇರಿಗೆ ಲೆಕ್ಕ. ಮಿಷನ್ನಿನದೇ ಯಂತ್ರಾಗಾರದಲ್ಲಿ ಕಮ್ಮಾರಿಕೆ, ಎರಕ, ಫಿಟ್ಟರ್ ಕೆಲಸ ಕಲಿತವರಿಗೆ ಹೊರಗೂ ಬೇಡಿಕೆ ಇತ್ತು.

ದುಡಿಮೆ, ಲಾಭ ಮತ್ತು ಆತ್ಮಸಾಕ್ಷಿ

ಧರ್ಮಸಂಸ್ಥೆಯೊಂದು ಕಾರ್ಖಾನೆ ನಡೆಸಿ ಲಾಭ ಮಾಡಬಹುದೇ ಎಂಬ ಚರ್ಚೆ ಬಾಸೆಲಿನಲ್ಲೂ ಮಂಗಳೂರಿನಲ್ಲೂ ಬಹುಕಾಲ ನಡೆಯಿತು. ಮಿಷನ್ನಿನ ಮುಖ್ಯಸ್ಥ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಭಾರತಕ್ಕೆ ಬಂದು ಠಾಣೆಗಳನ್ನು ಕಣ್ಣಾರೆ ನೋಡಿದರು. ಆ ಬಳಿಕ ಉದ್ಯಮಗಳ ಆಡಳಿತವನ್ನು ಬೋಧನೆಯಿಂದ ಬೇರ್ಪಡಿಸುವ ಏರ್ಪಾಡುಗಳಾದವು. ಬಾಸೆಲಿನ ರೇಷ್ಮೆ ರಿಬ್ಬನ್ ಉದ್ಯಮಿ ಕಾರ್ಲ್ ಸರಾಸಿನ್‌ರಂಥವರು ಕೈಗಾರಿಕಾ ಆಯೋಗದ ಹೊಣೆ ಹೊತ್ತರು. ಮಂಗಳೂರಿನಲ್ಲಿ ಫ್ಲೈಡರರ್ ವ್ಯಾಪಾರದ ಲೆಕ್ಕವನ್ನು ಶಿಸ್ತಿಗೆ ತಂದರು. 1859ರಲ್ಲಿ ಷೇರು ಬಂಡವಾಳದ ಮಿಷನ್ ಟ್ರೇಡಿಂಗ್ ಕಂಪನಿ ಹುಟ್ಟಿತು. ಷೇರುದಾರರಿಗೆ ಮಿತಿಯೊಳಗಿನ ಲಾಭಾಂಶ, ಮಿಕ್ಕ ಲಾಭ ಮಿಷನ್ನಿನ ಕೆಲಸಕ್ಕೆ ಎಂಬುದು ಅದರ ನಿಯಮ.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಭಾನುವಾರ ರಜೆ. ಕುಡಿದು ಬಂದವನಿಗೆ ಕೆಲಸವಿಲ್ಲ. ಕಾಯಿಲೆಯ ನಿಧಿ, ಉಳಿತಾಯದ ಏರ್ಪಾಡು ಇದ್ದವು. ತೂಕದಲ್ಲಿ ಮೋಸವಿಲ್ಲ, ಒಂದೇ ಬೆಲೆ, ಚೌಕಾಸಿ ಇಲ್ಲ ಎಂಬ ಹೆಸರನ್ನು ಮಿಷನ್ ಅಂಗಡಿ ಗಳಿಸಿತು. ಕಸುಬಿನಲ್ಲಿ ಕ್ರೈಸ್ತತನ ಎಂದರೆ ಏನು ಎಂಬುದಕ್ಕೆ ಆ ತಲೆಮಾರು ಕೊಟ್ಟ ಉತ್ತರ ಈ ನಿಯಮಗಳಲ್ಲಿದೆ: ಕೆಲವು ಕೆಲಸಗಳನ್ನು ಮಾಡಬಾರದು, ಮಾಡುವ ಕೆಲಸವನ್ನು ಹೊತ್ತಿಗೆ ಸರಿಯಾಗಿ, ಲೆಕ್ಕ ತಪ್ಪದೆ ಮಾಡಬೇಕು.

ಈ ಏರ್ಪಾಡಿಗೆ ಇನ್ನೊಂದು ಮುಖವೂ ಇತ್ತು. ಕೆಲಸ, ವಾಸದ ಮನೆ, ಮಕ್ಕಳ ಶಾಲೆ, ಸಭೆಯ ಸದಸ್ಯತ್ವ ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿದ್ದಾಗ ಕೆಲಸಗಾರನಿಗೆ ಎದುರು ಮಾತಾಡುವ ಎಡೆ ಕಡಿಮೆ. ಸಭೆಯ ಶಿಸ್ತಿಗೆ ಗುರಿಯಾದವನು ಕೂಲಿಯನ್ನೂ ಕಳೆದುಕೊಳ್ಳುವ ಭಯವಿತ್ತು. ಅನ್ನಕ್ಕಾಗಿ ಕ್ರೈಸ್ತರಾದರು ಎಂಬ ಹೊರಗಿನವರ ಟೀಕೆ ಮಿಷನರಿಗಳನ್ನೂ ಚುಚ್ಚುತ್ತಿತ್ತು. ಕೆಲವರು ಕಾರ್ಖಾನೆಗಳೇ ಸಭೆಯನ್ನು ಪರಾವಲಂಬಿ ಮಾಡಿವೆ ಎಂದು ವಾದಿಸಿದರು.

ಉಪದೇಶಿ, ಮಾಸ್ತರು, ದಾದಿ

ಕೈಗೆಲಸಕ್ಕೆ ಸೇರದವರ ದಾರಿ ಶಾಲೆಯಿಂದ ಹೊರಡುತ್ತಿತ್ತು. 1847ರಲ್ಲಿ ಮೋಗ್ಲಿಂಗ್ ಬಲ್ಮಠದಲ್ಲಿ ಉಪದೇಶಿಗಳ ತರಬೇತಿ ಶಾಲೆಯನ್ನು ವ್ಯವಸ್ಥಿತಗೊಳಿಸಿದರು. ಹಳ್ಳಿಯ ಶಾಲೆಯಿಂದ ಬಂದ ಹುಡುಗರಲ್ಲಿ ಓದಿನಲ್ಲಿ ಮುಂದಿದ್ದು ಮಾತು ಬಲ್ಲವನು ಉಪದೇಶಿಯಾಗುತ್ತಿದ್ದ, ಕೆಲವರು ಮುಂದೆ ಸಭಾಪಾಲಕರಾಗುತ್ತಿದ್ದರು. ಓದಿನಲ್ಲಿ ಚುರುಕಾಗಿದ್ದು ಬೋಧನೆಗೆ ಹಿಂಜರಿಯುವವನು ಮಾಸ್ತರಿಕೆಗೆ ಹೋಗುತ್ತಿದ್ದ. ಮಿಕ್ಕವರಿಗೆ ಅಚ್ಚುಕೂಟ, ಮಗ್ಗ ಅಥವಾ ಹಂಚಿನ ಕಾರ್ಖಾನೆ. ಈ ವಿಂಗಡಣೆಯಲ್ಲಿ ಹುಡುಗನ ಸ್ವಭಾವಕ್ಕೆ ಬೆಲೆ ಇತ್ತಾದರೂ ಮೇಲುಕೀಳಿನ ಭಾವವೂ ಸೇರಿಕೊಂಡಿತು. ಎಲ್ಲ ಕೆಲಸವೂ ದೇವರ ಸೇವೆ ಎಂದು ಬೋಧಿಸಿದ ಸಭೆಯಲ್ಲೇ ಉಪದೇಶಿಯ ಮನೆಗೆ ಹಂಚಿನ ಕೆಲಸಗಾರನ ಮನೆಗಿಂತ ಹೆಚ್ಚು ಮರ್ಯಾದೆ. ಧಾರವಾಡ, ಹುಬ್ಬಳ್ಳಿ, ಮಂಗಳೂರುಗಳ ಮಿಷನ್ ಹೈಸ್ಕೂಲುಗಳು ಇಂಗ್ಲಿಷ್ ಕಲಿಸತೊಡಗಿದ ಮೇಲೆ ಗುಮಾಸ್ತಿಕೆ, ರೈಲ್ವೆ, ಅಂಚೆ ಕಚೇರಿಗಳ ದಾರಿಯೂ ತೆರೆಯಿತು.

ಹೆಂಗಸರ ಮಟ್ಟಿಗೆ ಬದಲಾವಣೆ ಇನ್ನೂ ಆಳವಾದದ್ದು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದಿನ ಜೊತೆಗೆ ಹೊಲಿಗೆ, ಕಸೂತಿ ಕಲಿಸುತ್ತಿದ್ದರು. ಓದಿದ ಹೆಂಗಸು ಶಿಕ್ಷಕಿಯಾಗಿ, ಮನೆಮನೆಗೆ ಹೋಗಿ ಬೈಬಲ್ ಓದಿಹೇಳುವವಳಾಗಿ ಸಂಬಳ ಪಡೆಯುವುದು ಹೊಸ ಸಂಗತಿ. ದಾದಿಯರ ವೃತ್ತಿ ಇದರ ಮುಂದಿನ ಹೆಜ್ಜೆ. ಪರಜಾತಿಯವರ ಮೈ ಮುಟ್ಟುವುದು, ಹೆರಿಗೆಯ ರಕ್ತ, ಗಾಯದ ಕೀವು ತೊಳೆಯುವುದು ಮೈಲಿಗೆಯೆಂದು ಎಣಿಸಿದ್ದ ಸಮಾಜದಲ್ಲಿ ಈ ಕೆಲಸಕ್ಕೆ ಮುಂದೆ ಬಂದವರು ಹೆಚ್ಚಾಗಿ ಕ್ರೈಸ್ತ ಹೆಣ್ಣುಮಕ್ಕಳು. ರೋಗಿಯ ಸೇವೆಯನ್ನು ಸುವಾರ್ತೆಗಳು ಎತ್ತಿಹಿಡಿದದ್ದು ಒಂದು ಕಾರಣ. ಸಂಬಳ ಮತ್ತು ವಾಸದ ಭದ್ರತೆ ಇನ್ನೊಂದು. 1906ರಲ್ಲಿ ವೆಸ್ಲಿಯನ್ ಮಿಷನ್ ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, 1923ರಲ್ಲಿ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆರಂಭಿಸಿದ ಬಾಸೆಲ್ ಮಿಷನ್ ಆಸ್ಪತ್ರೆ ಇಂಥ ನೆಲೆಗಳು.

ಕ್ಯಾಥೊಲಿಕರ ದಾರಿ

ಅದೇ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಚರಿತ್ರೆ ಹೋಲಿಕೆಗೆ ಒದಗುತ್ತದೆ. ಟಿಪ್ಪುವಿನ ಕಾಲದ ಸೆರೆಯಿಂದ 1799ರ ಬಳಿಕ ಹಿಂತಿರುಗಿದ ಇವರಲ್ಲಿ ಅನೇಕರು ಮತ್ತೆ ಭೂಮಿಯ ಮೇಲೆ ನೆಲೆನಿಂತರು. ಇವರದು ತಲೆಮಾರುಗಳ ಹಳೆಯ ಸಮುದಾಯ; ಮತ ಬದಲಿಸಿ ಕಸುಬು ಕಳೆದುಕೊಂಡವರಲ್ಲ. ಆದ್ದರಿಂದ ಚರ್ಚು ಇವರಿಗೆ ಕಸುಬನ್ನು ಕೊಡಬೇಕಾಗಿ ಬರಲಿಲ್ಲ, ಶಿಕ್ಷಣ ಕೊಟ್ಟರೆ ಸಾಕಾಯಿತು. 1870ರಲ್ಲಿ ಅಪೊಸ್ತೋಲಿಕ್ ಕಾರ್ಮೆಲ್ ಸಿಸ್ಟರುಗಳು ಬಂದರು. 1880ರಲ್ಲಿ ಜೆಸುಯಿಟರು ಸೇಂಟ್ ಅಲೋಶಿಯಸ್ ಕಾಲೇಜನ್ನು ತೆರೆದರು. 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ಆರಂಭವಾಯಿತು. ವಕೀಲಿಕೆ, ವೈದ್ಯ, ಬೋಧನೆ, ಮುಂಬಯಿಯ ಕಚೇರಿ ಕೆಲಸ ಇವರ ವೃತ್ತಿಗಳಾದವು. ಹಂಚು ಮತ್ತು ಕಾಫಿಯ ಉದ್ಯಮಕ್ಕೆ ಬಂಡವಾಳ ಹೂಡಿದ ಮನೆತನಗಳೂ ಇದ್ದವು. ಆಲ್ಬುಕರ್ಕ್ ಹಂಚು ಹೆಸರಾದದ್ದು ಹಾಗೆ. ಕರೆ ಎಂಬುದು ಇವರಲ್ಲಿ ಬಹುಕಾಲ ಪಾದ್ರಿಗಳಾಗುವ, ಸಿಸ್ಟರುಗಳಾಗುವ ನಿರ್ಧಾರಕ್ಕೇ ಸೀಮಿತವಾಗಿತ್ತು. ಮನೆಗೊಬ್ಬರನ್ನು ದೇವರ ಸೇವೆಗೆ ಕೊಡುವುದು ಹೆಮ್ಮೆ. ಅನಾಥರಿಗೂ ಬಡವರಿಗೂ ಜೆಪ್ಪುವಿನ ಸೇಂಟ್ ಜೋಸೆಫ್ಸ್ ಆಶ್ರಮದ ಕಾರ್ಯಾಗಾರಗಳಲ್ಲಿ ಕೈಕಸುಬು ಕಲಿಸಿದ್ದು ಮಾತ್ರ ಬಾಸೆಲ್ ಮಿಷನ್ನಿನ ದಾರಿಗೆ ಹತ್ತಿರ.

ಯುದ್ಧ ಮತ್ತು ಅದರ ನಂತರ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳಿಸಿತು. ಕಾರ್ಖಾನೆಗಳು ಶತ್ರು ಆಸ್ತಿಯೆಂದು ಸರಕಾರದ ವಶವಾಗಿ, ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಹೋದವು. 1920ರ ದಶಕದಲ್ಲಿ ಮಿಷನರಿಗಳು ಹಿಂತಿರುಗಿದರೂ ಉದ್ಯಮಗಳು ಅವರ ಕೈಗೆ ಮೊದಲಿನಂತೆ ಬರಲಿಲ್ಲ. ಸಭೆ ಮತ್ತು ಕಾರ್ಖಾನೆಯ ನಂಟು ಕಡಿದುಹೋಯಿತು.

ಇದರ ಪರಿಣಾಮ ಎರಡು ಬಗೆಯದು. ಸಭೆಯವರಿಗೆ ಕೆಲಸದ ಖಾತರಿ ತಪ್ಪಿತು. ಪ್ರಾರ್ಥನೆ, ಭಾನುವಾರ, ಕಾಯಿಲೆ ನಿಧಿಗಳ ಜೊತೆ ಬೆಳೆದವರು ಇತರರಂ‌ತೆಯೇ ಕೂಲಿಕಾರರಾದರು. ಇನ್ನೊಂದೆಡೆ ಯಾವ ಕೆಲಸ ಹಿಡಿಯಬೇಕು ಎಂಬ ನಿರ್ಧಾರ ಮಿಷನರಿಯಿಂದ ಕುಟುಂಬಕ್ಕೆ ದಾಟಿತು. ಶಾಲೆಗಳು ಉಳಿದಿದ್ದವು. ನೇಕಾರನ ಮಗ ಮಾಸ್ತರನಾದ, ಮಾಸ್ತರನ ಮಗಳು ದಾದಿಯೋ ವೈದ್ಯೆಯೋ ಆದಳು, ಫಿಟ್ಟರನ ಮಗ ಮುಂಬಯಿಯ ಕಾರ್ಖಾನೆಗೆ ಹೋದ. ಮೂರ್ತೆ ಬಿಟ್ಟುಬಂದ ಕುಟುಂಬಕ್ಕೆ ‘ಕ್ರೈಸ್ತನಿಗೆ ಯಾವ ಕೆಲಸ ಸಲ್ಲದು’ ಎಂಬುದು ಮೊದಲ ಪ್ರಶ್ನೆಯಾಗಿತ್ತು. ಅದರ ಮೊಮ್ಮಕ್ಕಳ ಕಾಲಕ್ಕೆ ಆ ಪ್ರಶ್ನೆ ‘ನನಗೆ ಯಾವ ಕೆಲಸ ಒಗ್ಗುತ್ತದೆ, ಅದನ್ನು ಹೇಗೆ ಮಾಡಬೇಕು’ ಎಂದು ಬದಲಾಯಿತು. ನಿಷೇಧದ ಪಟ್ಟಿ ಚಿಕ್ಕದಾಯಿತು. ಪ್ರಾಮಾಣಿಕತೆ, ಹೊತ್ತಿನ ಶಿಸ್ತು, ನೆರೆಯವರಿಗೆ ಉಪಯೋಗವಾಗುವ ಕೆಲಸ ಎಂಬ ಅಳತೆಗಳು ಉಳಿದವು.

ಪಾದ್ರಿಯ ಕೆಲಸವೂ ಈ ಬದಲಾವಣೆಯಿಂದ ಹೊರಗುಳಿಯಲಿಲ್ಲ. ಒಂದು ಕಾಲಕ್ಕೆ ಓದಿದ ಕ್ರೈಸ್ತ ಯುವಕನಿಗೆ ಇದ್ದ ಮುಖ್ಯ ದಾರಿಯೇ ಅದಾಗಿತ್ತು. ಬಲ್ಮಠದಲ್ಲಿ 1965ರಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ರೂಪುಗೊಂಡಾಗ ಅಲ್ಲಿಗೆ ಬರುವವರ ಮುಂದೆ ಇತರ ವೃತ್ತಿಗಳೂ ತೆರೆದಿದ್ದವು. ಅವೆಲ್ಲವನ್ನೂ ಬಿಟ್ಟು ಸಭಾಪಾಲಕನಾಗಲು ಬಂದವನು ಆ ಕೆಲಸವನ್ನು ತಾನೇ ಆರಿಸಿಕೊಂಡು ಬಂದವನಾಗಿದ್ದ.